ಕೆಂಪು ಜಲ್ಲಿಯ ತಿರುವು

"ಕಾಲೆತ್ತು," ಎಂದಳು ಮೆರಿನ್.

ಟೋನ್ಚಿ ಎತ್ತಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಮೇಲೆ ಎರಡೂ ಮೊಣಕೈ ಊರಿಕೊಂಡು, ಅವಳ ಕೈಯಲ್ಲಿದ್ದ ಬ್ರಷ್ಷನ್ನು ಒಮ್ಮೆ, ಅವಳ ಮುಖವನ್ನು ಒಮ್ಮೆ ನೋಡಿದ. ಅವನ ಬೆನ್ನ ಹಿಂದೆ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಬಂದ ಎಂಟು ಜನ ಸವಾರರು, ಜುಲೈ ಚಳಿಗೆ ಮೂಗು ಕೆಂಪು ಮಾಡಿಕೊಂಡು, ಇವರ ಜಗಳ ಎಷ್ಟು ಹೊತ್ತಿಗೆ ಮುಗಿಯುತ್ತದೋ ಎಂದು ಕಾಯುತ್ತಿದ್ದರು.

"ಆಗ್ಲೇ ತೊಳ್ದಾಯ್ತು," ಎಂದ.

"ನಾನು ನೋಡ್ಲಿಲ್ಲ."

"ನೀನು ನೋಡ್ತಾನೇ ಇದ್ದೆ. ಚಕ್ರ ಒಂದು ಬಿಟ್ಟು ಬೇರೆಲ್ಲಾ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೆರಿನ್‌ಗೆ ಕಿವಿ ಬಿಸಿಯಾಯಿತು. ಅವಳು ನೋಡುತ್ತಿದ್ದದ್ದು ನಿಜ. ಅವನ ಎಡಗಿವಿಯ ಹಿಂದೆ ಒಂದು ಚುಕ್ಕೆ ಕೆಸರು ಒಣಗಿ ಕೂತಿತ್ತು, ಅದನ್ನು ಬೆರಳಿನಿಂದ ಒರೆಸಿಬಿಡಬೇಕೆಂದು ಕೈ ತವಕಿಸುತ್ತಿತ್ತು. ಅಂಥ ಕೈಯ ಮೇಲೆ ಅವಳಿಗೆ ಸಿಟ್ಟು ಬಂತು, ಆ ಸಿಟ್ಟನ್ನೆಲ್ಲ ಅವನ ಬೂಟಿನ ಮೇಲೆ ತೀರಿಸಿಕೊಂಡಳು.

ಅವಳು ತಿಕ್ಕಿ ಮುಗಿಸುವತನಕ ಅವನು ಸುಮ್ಮನೆ ನಿಂತಿದ್ದ. ಆಮೇಲೆ ಚೀಲದಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಪೆಡಲ್ಲುಗಳ ಸಂದಿಯನ್ನು ಒಂದೊಂದಾಗಿ ಕೆರೆದು ತೆಗೆದ. ಪ್ರತಿ ಶನಿವಾರವೂ ಹೀಗೆಯೇ. ತನ್ನನ್ನು ಅಣಕಿಸಲಿಕ್ಕೇ ಈ ಆಟ ಎಂದು ಮೆರಿನ್ ಮೂರು ವರ್ಷದಿಂದ ನಂಬಿಕೊಂಡಿದ್ದಳು.

ಆ ಕಾಡಿಗೆ ಬಂದಿದ್ದ ಕಾಯಿಲೆ ಮಣ್ಣಿನಲ್ಲಿ ಬದುಕುವಂಥದ್ದು. ಬೂಟಿಗೋ ಚಕ್ರಕ್ಕೋ ಅಂಟಿದ ಒಂದು ಚಿಟಿಕೆ ಹಸಿಮಣ್ಣು ಸಾಕು, ಬೇರು ಕೊಳೆತು ಬ್ಯಾಂಕ್ಸಿಯಾ ಗಿಡಗಳು ನಿಂತಲ್ಲೇ ಹಳದಿಯಾಗುತ್ತವೆ. ಜಾರ್ರಾ ಮರಗಳು ಒಂದಷ್ಟು ವರ್ಷ ತಡೆದುಕೊಂಡು ಆಮೇಲೆ ಒಣಗುತ್ತವೆ. ಮದ್ದಿಲ್ಲ. ಅದಕ್ಕೇ ದಾರಿಯ ಬಾಯಲ್ಲಿ ಒಂದು ಕಂಬ, ಕಂಬಕ್ಕೆ ಸರಪಳಿ ಹಾಕಿದ ಬ್ರಷ್ಷು, ಔಷಧಿ ನೀರಿನ ಪಿಚಕಾರಿ. ಮಂಡೇರಿಂಗ್ ಊರಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಹೋಗುವ ಆ ಸೈಕಲ್ ದಾರಿಯನ್ನು ಇಲಾಖೆಯವರು ತುಂಡು ತುಂಡಾಗಿ ಸ್ವಯಂಸೇವಕರ ಕೈಗೆ ಕೊಟ್ಟಿದ್ದರು. ಹೆದ್ದಾರಿಯಿಂದ ತಂಗುಮನೆಯವರೆಗಿನ ಹತ್ತೊಂಬತ್ತು ಕಿಲೋಮೀಟರ್ ಮೆರಿನ್ ಪ್ಯಾಸ್ಕೋಳ ಪಾಲಿಗೆ ಬಂದಿತ್ತು. ಒಂಬತ್ತು ವರ್ಷದಿಂದ ಆ ದಾರಿಯ ಕೊಂಬೆ ಕಡಿದವಳು, ಕಾಲುವೆ ತೋಡಿದವಳು, ಬಿದ್ದ ಮರ ಕೊಯ್ದವಳು ಅವಳೇ. ವಾರದ ದಿನಗಳಲ್ಲಿ ಶಾಲೆಯ ಬಸ್ ಓಡಿಸುತ್ತಿದ್ದಳು. ಮದುವೆಯೊಂದು ನಾಲ್ಕು ವರ್ಷ ನಡೆದು ನಿಂತುಹೋಗಿತ್ತು. ಯಾರಾದರೂ ನೀನು ಯಾರು ಎಂದು ಕೇಳಿದರೆ ಅವಳು ಬಸ್ಸಿನ ಹೆಸರು ಹೇಳುತ್ತಿರಲಿಲ್ಲ, ದಾರಿಯ ಹೆಸರು ಹೇಳುತ್ತಿದ್ದಳು.

ಟೋನ್ಚಿ ಮಾರಿನೋವಿಚ್ ಕ್ಯಾರಗಲ್ಲನ್ ಕಡೆಯ ಪೇರ್ ಹಣ್ಣಿನ ತೋಟದವನು. ಅವನ ಅಜ್ಜ ಕ್ರೊಯೇಷಿಯಾದಿಂದ ಹಡಗಿನಲ್ಲಿ ಬಂದು ನೆಟ್ಟ ತೋಟ ಅದು. ಚಳಿಗಾಲದಲ್ಲಿ ತೋಟದ ಕೆಲಸ ಕಡಿಮೆ. ನಗರದವರನ್ನು ಎಂಟೆಂಟು ಜನರ ಗುಂಪು ಮಾಡಿ, ಮೂರು ದಿನದ ಸವಾರಿಗೆ ಕಾಡಿನೊಳಗೆ ಕರೆದೊಯ್ಯುತ್ತಿದ್ದ. ಒಂಬತ್ತು ವರ್ಷ ಬೆವರು ಸುರಿಸಿದವಳ ಕಣ್ಣಿಗೆ ಅವನು ಬೇರೆಯವರ ಅಡುಗೆಮನೆಯಲ್ಲಿ ನೆಂಟರಿಗೆ ಬಡಿಸುವವನ ಹಾಗೆ ಕಂಡರೆ ತಪ್ಪಲ್ಲ.

ಈ ವರ್ಷವಂತೂ ಹಗೆಗೆ ಕಾರಣವೇ ಸಿಕ್ಕಿತ್ತು. ದಾರಿಯ ಏಳನೇ ಕಿಲೋಮೀಟರಿನ ಬಳಿ ಬ್ಯಾಂಕ್ಸಿಯಾಗಳು ಸಾಯತೊಡಗಿದ್ದವು. ರೋಗ ಸೈಕಲ್ ಚಕ್ರದಿಂದ ಬಂದದ್ದು ಎಂದಾದರೆ ಹತ್ತೊಂಬತ್ತು ಕಿಲೋಮೀಟರನ್ನೂ ಸೈಕಲ್ಲುಗಳಿಗೆ ಮುಚ್ಚಿ, ಸವಾರರನ್ನು ಲಾರಿಗಳು ಓಡುವ ಹೆದ್ದಾರಿಗೆ ತಿರುಗಿಸುವುದಾಗಿ ಇಲಾಖೆ ಹೇಳಿತ್ತು. ಆಗಸ್ಟ್ ಕೊನೆಗೆ ತೀರ್ಮಾನ.

ಯಾರ ಚಕ್ರ ಎಂಬುದರಲ್ಲಿ ಮೆರಿನ್‌ಗೆ ಅನುಮಾನವೇ ಇರಲಿಲ್ಲ.

* * *

ತಂಗುಮನೆಯಲ್ಲಿ ಒಂದು ಹಸಿರು ಪುಸ್ತಕವಿತ್ತು. ಬಂದವರು ಹೆಸರು, ದಿನಾಂಕ, ಎಲ್ಲಿಂದ ಎಲ್ಲಿಗೆ ಎಂದು ಬರೆಯಬೇಕು. ಮೆರಿನ್ ಅದರಲ್ಲಿ ಹೀಗೆ ಬರೆದಳು: ಎಂಟು ಜನ, ನಾಯಕನ ಬೂಟಿನಲ್ಲಿ ಮಣ್ಣು.

ಮುಂದಿನ ಭಾನುವಾರ ಕೆಳಗೆ ಅವನ ಅಕ್ಷರ ಇತ್ತು: ಮಣ್ಣಲ್ಲ, ಚಾಕೊಲೇಟು. ಬೇಕಿದ್ದರೆ ಮೂಸಿ ನೋಡಬಹುದಿತ್ತು.

ನಿಯಮ ಓದಲು ಬಾರದವರಿಗೆ ದಾರಿಯೇಕೆ ಎಂದು ಅವಳು ಬರೆದರೆ, ನಿಯಮ ಓದಿ ಹೇಳುವವರ ಮುಖ ಅಷ್ಟು ಚೆನ್ನಾಗಿದ್ದರೆ ಅಕ್ಷರ ಕಾಣುವುದಿಲ್ಲ ಎಂದು ಅವನು ಬರೆದ. ಅವಳು ಆ ಸಾಲಿನ ಮೇಲೆ ಪೆನ್ನು ಮುರಿಯುವಂತೆ ಗೀಟು ಎಳೆದಳು. ಎಳೆಯುವ ಮೊದಲು ಎರಡು ಸಲ ಓದಿದಳು. ಭಾನುವಾರ ತಂಗುಮನೆಗೆ ಬಂದವಳು ಹೆಲ್ಮೆಟ್ ತೆಗೆಯುವ ಮೊದಲೇ ಆ ಪುಟ ಹುಡುಕುತ್ತಿದ್ದಳು ಎಂಬುದನ್ನು ಯಾರಾದರೂ ಹೇಳಿದ್ದರೆ, ಹೇಳಿದವರ ಗತಿ ಅಷ್ಟೇ.

ಜುಲೈ ಮುಗಿಯುವ ಹೊತ್ತಿಗೆ ಇಲಾಖೆಗೆ ಆರು ಪುಟದ ದೂರು ಬರೆದಳು. ಟೋನ್ಚಿಯ ಹೆಸರು, ದಿನಾಂಕಗಳು, ಅವನ ಚಕ್ರದ ಹನ್ನೊಂದು ಫೋಟೋಗಳು. ಸೈಕಲ್ ಕ್ಲಬ್ಬಿನ ಎಲ್ಲರಿಗೂ ಪ್ರತಿ ಕಳಿಸಿದಳು. ವಾರದೊಳಗೆ ಅವನ ಎರಡು ಗುಂಪುಗಳು ಸವಾರಿ ರದ್ದು ಮಾಡಿದವು. ಮೆರಿನ್‌ಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಆ ಶನಿವಾರ ಕಂಬದ ಬಳಿ ಬ್ರಷ್ ಹಿಡಿದು ಮಧ್ಯಾಹ್ನದವರೆಗೆ ನಿಂತಳು. ಅವನು ಬರಲಿಲ್ಲ, ಊಟ ರುಚಿಸಲಿಲ್ಲ.

* * *

ಆಗಸ್ಟಿನ ಒಂದು ಮಂಗಳವಾರ ಬಸ್ಸಿಗೆ ರಜೆ ಸಿಕ್ಕಿತ್ತು. ಸತ್ತ ಗಿಡಗಳ ಇನ್ನಷ್ಟು ಫೋಟೋ ತೆಗೆಯಲೆಂದು ಮೆರಿನ್ ಏಳನೇ ಕಿಲೋಮೀಟರಿಗೆ ಹೋದಳು. ಆ ಕಾಡಿನ ನೆಲವೇ ಸವಾರರ ಶತ್ರು, ಬಟಾಣಿ ಕಾಳಿನಷ್ಟೇ ದುಂಡಗಿನ ಹಳದಿ ಜಲ್ಲಿ ಚಕ್ರದಡಿ ಉರುಳಿ ಆಳನ್ನು ಬೀಳಿಸುತ್ತದೆ. ಈ ತಿರುವಿನಲ್ಲಿ ಮಾತ್ರ ಬೀಳುವ ಭಯವಿಲ್ಲ. ಅದು ಅವಳ ಹೆಮ್ಮೆಯ ಜಾಗ. ಎರಡು ವರ್ಷದ ಹಿಂದೆ ಈಸ್ಟರ್ ಸವಾರಿಗೆ ಮುನ್ನೂರು ಜನ ಬರುವವರಿದ್ದಾಗ ತಿರುವು ಹಿಂದಿನ ಮಳೆಗೆ ಕೊಚ್ಚಿಹೋಗಿತ್ತು. ಇಲಾಖೆಯಿಂದ ಪರೀಕ್ಷೆಯಾದ ಜಲ್ಲಿ ಬರಲು ತಡವಾಯಿತು. ಮೆರಿನ್ ಕಾಯಲಿಲ್ಲ. ಹೆದ್ದಾರಿ ಪಕ್ಕದ ಹಳೇ ಗುಂಡಿಯಿಂದ ಒಳ್ಳೆ ಗಟ್ಟಿ ಕೆಂಪು ಜಲ್ಲಿಯನ್ನು, ತನ್ನ ಸೈಕಲ್ಲಿಗೆ ಕಟ್ಟಿದ ಗಾಡಿಯಲ್ಲಿ, ಇಪ್ಪತ್ತೆರಡು ಬಕೆಟ್ ಹೊತ್ತು ತಂದು ತುಂಬಿದಳು. ಬೇಸಿಗೆಯ ಕೊನೆ, ಎಲ್ಲವೂ ಒಣಗಿತ್ತು. ಆದರೂ ಪ್ರತಿ ಸರದಿಗೂ ಬಕೆಟ್ಟು, ಸಲಿಕೆ, ಬೂಟು, ಚಕ್ರ ಎಲ್ಲವನ್ನೂ ಕಂಬದ ಬಳಿ ನಿಲ್ಲಿಸಿ ತೊಳೆದಳು. ಕ್ಲಬ್ಬಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂದಿತ್ತು.

ಆ ಕೆಂಪು ಜಲ್ಲಿಯ ಮೇಲೆ ಟೋನ್ಚಿ ಮಂಡಿಯೂರಿ ಕೂತಿದ್ದ. ಗುಂಪಿಲ್ಲ, ಒಬ್ಬನೇ. ಕೈಯಲ್ಲಿ ತೋಟದವರ ಬಾಗಿದ ಚಾಕು. ಪಕ್ಕದ ಬ್ಯಾಂಕ್ಸಿಯಾದ ಬುಡದ ತೊಗಟೆ ಕೆರೆದು ನೋಡುತ್ತಿದ್ದವನು, ಅವಳ ಬ್ರೇಕಿನ ಸದ್ದು ಕೇಳಿದ್ದೇ ತಡ, ನೆಲದಿಂದ ಏನನ್ನೋ ಬಾಚಿ ಜೇಬಿಗೆ ಹಾಕಿಕೊಂಡು ಎದ್ದ.

"ಜೇಬಲ್ಲಿ ಏನಿದೆ?" ಎಂದಳು.

"ಕೈ."

"ಹೊರಗೆ ತೆಗಿ."

ತೆಗೆದ. ಖಾಲಿ ಕೈ, ಉಗುರಿನಲ್ಲಿ ಮಣ್ಣು. ಮೆರಿನ್ ಹಿಂದೆಮುಂದೆ ನೋಡದೆ ಮುಂದೆ ಬಂದು ಅವನ ಕೋಟಿನ ಜೇಬಿಗೆ ತನ್ನ ಕೈಯನ್ನೇ ಹಾಕಿದಳು. ಹಾಕಿದ ಮೇಲೆ ಗೊತ್ತಾಯಿತು, ಎಷ್ಟು ಹತ್ತಿರ ಬಂದಿದ್ದೇನೆಂದು. ಜೇಬಿನೊಳಗೆ ಬೆಚ್ಚಗಿತ್ತು. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಅವನು ಹಿಂದೆ ಸರಿಯಲಿಲ್ಲ, ಅವಳ ಕೈ ಹಿಡಿಯಲೂ ಇಲ್ಲ. ರೆಪ್ಪೆ ಬಡಿಯದೆ ಅವಳ ನೆತ್ತಿಯನ್ನು ನೋಡುತ್ತಿದ್ದಾನೆಂದು ತಲೆಯೆತ್ತದೆಯೇ ಅವಳಿಗೆ ತಿಳಿಯುತ್ತಿತ್ತು.

ಬೆರಳಿಗೆ ಸಿಕ್ಕದ್ದು ಒಂದು ಹಿಡಿ ಜಲ್ಲಿ.

"ಕಲ್ಲು," ಎಂದ. "ಬಣ್ಣ ಚೆನ್ನಾಗಿತ್ತು."

ಅವಳು ಕೈ ಕಿತ್ತುಕೊಂಡಳು. ಸಾಕ್ಷಿ ಅಳಿಸಲು ಬಂದಿದ್ದೀಯಾ ಎಂದು ಕೇಳಿದಳು. ಗಿಡಗಳನ್ನು ಕೊಂದದ್ದು ಸಾಲದೆ ಚಾಕುವನ್ನೂ ತಂದಿದ್ದೀಯಾ ಎಂದಳು. ಇನ್ನೂ ಏನೇನೋ ಅಂದಳು, ಅದರಲ್ಲಿ ಕೆಲವು ಶಾಲೆಯ ಬಸ್ ಓಡಿಸುವವಳ ಬಾಯಲ್ಲಿ ಬರಬಾರದ ಮಾತು. ಅವನು ಎಲ್ಲ ಕೇಳಿಸಿಕೊಂಡ. ಚಾಕು ಮಡಿಸಿ ಇಟ್ಟುಕೊಂಡ.

"ಮೆರಿನ್, ಆ ದೂರು ವಾಪಸ್ ತಗೋ," ಎಂದ. "ಬೇಡ್ಕೊತೀನಿ. ಇಲಾಖೆಯವ್ರು ಇಲ್ಲಿಗೆ ಬಂದು ಅಗೆಯೋಕೆ ಮುಂಚೆ."

"ಹೆದರ್ಕೊಂಡ್ಯಾ?"

"ಹೂಂ," ಎಂದ ಟೋನ್ಚಿ. "ತುಂಬಾ."

ಕೊನೆಗೂ ಒಪ್ಪಿಕೊಂಡ ಎಂದು ಅವಳು ಬೀಗುತ್ತ ಸೈಕಲ್ ಹತ್ತಿದಳು. ದಾರಿಯುದ್ದಕ್ಕೂ ಬಲಗೈ ಬೆಚ್ಚಗೇ ಇತ್ತು, ಗ್ಲೌಸು ಹಾಕಿಕೊಂಡರೂ ಹೋಗಲಿಲ್ಲ.

* * *

ವಿಚಾರಣೆ ನಡೆದದ್ದು ಮಂಡೇರಿಂಗ್‌ನ ಸಮುದಾಯ ಭವನದಲ್ಲಿ, ಮಧ್ಯಾಹ್ನ ಎರಡಕ್ಕೆ. ನಲವತ್ತು ಜನ ಸೇರಿದ್ದರು. ಗೋಡೆಯ ಬಳಿ ಮೇಜಿನ ಮೇಲೆ ಚಹಾ, ತೆಂಗಿನತುರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು. ಇಲಾಖೆಯಿಂದ ಬಂದ ಗ್ಲೆನಿಸ್ ಎಂಬ ಅಧಿಕಾರಿ, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಆರು ಪುಟವನ್ನೂ ಓದಿ, ಇದಕ್ಕೆ ಏನು ಹೇಳುತ್ತೀರಿ ಎಂದು ಟೋನ್ಚಿಯನ್ನು ಕೇಳಿದಳು.

ಅವನು ಎದ್ದು ನಿಂತ. ಕೂದಲು ಬಾಚಿದ್ದ, ಕಿವಿಯ ಹಿಂದೆ ಕೆಸರಿರಲಿಲ್ಲ. ಮೆರಿನ್‌ಗೆ ಅದೇಕೋ ಹಿಡಿಸಲಿಲ್ಲ.

"ಅವಳು ಬರೆದಿದ್ದು ಸರಿ," ಎಂದ. "ನನ್ನ ಚಕ್ರದಿಂದ್ಲೇ ಬಂದಿರ್ಬೇಕು. ತೊಳೀದೆ ಹೋಗಿದೀನಿ, ಎಷ್ಟೋ ಸಲ. ನನ್ನನ್ನ ನಿಲ್ಸಿ. ದಾರೀನ ಮುಚ್ಬೇಡಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಗೆದ್ದವಳು ಮೆರಿನ್. ಪಕ್ಕದವರು ಅವಳ ಭುಜ ತಟ್ಟಿದರು. ಅವಳು ಮಾತ್ರ ಕೂತಲ್ಲೇ ತಣ್ಣಗಾದಳು.

ಏಕೆಂದರೆ ಅದು ಸುಳ್ಳು. ಅದು ಸುಳ್ಳೆಂದು ಈ ಭೂಮಿಯ ಮೇಲೆ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಮೂರು ವರ್ಷ, ಪ್ರತಿ ಶನಿವಾರ, ಅವನ ಚಕ್ರದ ಕಡ್ಡಿ ಕಡ್ಡಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಅವಳು. ಹಲ್ಲುಜ್ಜುವ ಬ್ರಷ್ಷಿನಿಂದ ಪೆಡಲ್ಲಿನ ಸಂದಿ ತೊಳೆಯುವವನನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಆರು ಪುಟ ಬರೆಯುವಾಗಲೂ ಒಳಗೆಲ್ಲೋ ಇದು ಗೊತ್ತಿತ್ತು. ಫೋಟೋಗಳಲ್ಲಿ ಮಣ್ಣು ಕಂಡದ್ದು ತೊಳೆಯುವ ಮುಂಚಿನದು.

ಹಾಗಾದರೆ ಯಾಕೆ ಸುಳ್ಳು ಹೇಳಿದ? ಯಾರಿಗಾಗಿ?

ಬಲಗೈ ತಾನಾಗಿ ಮಡಚಿಕೊಂಡಿತು, ಜೇಬಿನೊಳಗಿನ ಆ ಒಂದು ಹಿಡಿ ಜಲ್ಲಿಯನ್ನು ಮತ್ತೆ ಹಿಡಿದಂತೆ. ಹತ್ತೊಂಬತ್ತು ಕಿಲೋಮೀಟರಿನಲ್ಲಿ ಕೆಂಪು ಜಲ್ಲಿ ಇರುವುದು ಒಂದೇ ಕಡೆ. ಸತ್ತ ಗಿಡಗಳು ತಿರುವಿನ ಮೇಲ್ಬದಿಗೆ ಒಂದೂ ಇಲ್ಲ, ಎಲ್ಲವೂ ಕೆಳಗೆ, ನೀರು ಹರಿಯುವ ಕಡೆ. ತೋಟದವನು ಬೇರುಕೊಳೆಯನ್ನು ಅಪ್ಪ ಅಜ್ಜಂದಿರ ಕಾಲದಿಂದ ಕಂಡವನು, ಎಲ್ಲಿಂದ ಹೊರಟಿದೆ ಎಂದು ಅವನಿಗೆ ನೋಡುತ್ತಲೇ ತಿಳಿದಿದೆ. ಇಪ್ಪತ್ತೆರಡು ಬಕೆಟ್. ಬಕೆಟ್ ತೊಳೆದಳು, ಸಲಿಕೆ ತೊಳೆದಳು, ಬೂಟು ತೊಳೆದಳು. ಒಳಗಿದ್ದ ಜಲ್ಲಿಯನ್ನು ಮಾತ್ರ ಯಾರು ತೊಳೆಯುತ್ತಾರೆ?

ಗ್ಲೆನಿಸ್ ಏನೋ ಬರೆದುಕೊಳ್ಳುತ್ತಿದ್ದಳು. ಒಬ್ಬನ ಚಕ್ರದಿಂದ ಬಂದದ್ದು ನಿಜವಾದರೆ ನಾಳೆ ಇನ್ನೊಬ್ಬನ ಚಕ್ರದಿಂದಲೂ ಬರಬಹುದು, ಆದ್ದರಿಂದ ಹತ್ತೊಂಬತ್ತು ಕಿಲೋಮೀಟರನ್ನೂ ಮುಚ್ಚಲು ಶಿಫಾರಸು ಮಾಡುತ್ತೇನೆ, ಚಹಾ ಮುಗಿಸಿ ಬನ್ನಿ, ಬರವಣಿಗೆಯಲ್ಲಿ ಕೊಡುತ್ತೇನೆ ಎಂದಳು. ಟೋನ್ಚಿಯ ಮುಖ ಸುಣ್ಣವಾಯಿತು. ಇದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

* * *

ಭವನದ ಹಿಂದೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಮೆರಿನ್ ಅವನನ್ನು ಹಿಡಿದಳು.

"ಯಾವಾಗಿಂದ ಗೊತ್ತಿತ್ತು?"

ಏನು ಎಂದು ಅವನು ಕೇಳಲಿಲ್ಲ. "ಜೂನಿಂದ."

"ಜೂನಿಂದ ಗೊತ್ತಿದ್ದು ನನ್ ಕೈಲಿ ಆರು ಪುಟ ಬರೆಸ್ದೆ."

"ಚೆನ್ನಾಗಿ ಬರೀತೀಯ. ನಾಲ್ಕನೇ ಪುಟ ನನಗೆ ಬಾಯಿಪಾಠ ಇದೆ."

"ತಮಾಷೆ ಮಾಡ್ಬೇಡ." ಅವಳು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದಳು. "ನನ್ ಮೇಲೆ ಕನಿಕರ ತೋರ್ಸೋಕೆ ನೀನ್ಯಾರು? ನಾನ್ ಕೇಳಿದ್ನಾ?"

"ಕನಿಕರ ಅಲ್ಲ ಅದು."

"ಮತ್ತೇನು?"

ಟೋನ್ಚಿ ಸೈಕಲ್ಲಿನ ಸೀಟನ್ನು ಸುಮ್ಮನೆ ಒರೆಸಿದ, ಅದರಲ್ಲಿ ಧೂಳಿರಲಿಲ್ಲ. ಆಮೇಲೆ ತಲೆಯೆತ್ತಿ, ಮೊದಲ ಸಲ ಮುಚ್ಚುಮರೆಯಿಲ್ಲದೆ ಅವಳನ್ನು ನೋಡಿದ.

"ನಿನ್ ಕೈಯಿಂದ ಆ ದಾರಿ ಕಿತ್ಕೊಂಡ್ರೆ ನಿನಗೇನು ಉಳಿಯತ್ತೆ ಅಂತ ಯೋಚ್ನೆ ಮಾಡ್ದೆ. ಆಮೇಲೆ, ಶನಿವಾರ ಆ ಕಂಬದ ಹತ್ರ ನೀನಿಲ್ದೆ ಇದ್ರೆ ನನಗೇನು ಉಳಿಯತ್ತೆ ಅಂತ ಯೋಚ್ನೆ ಮಾಡ್ದೆ. ಎರಡ್ನೇದು ಜಾಸ್ತಿ ಭಯ ಆಯ್ತು. ಪ್ರೀತಿ ಅಂತ ಹೇಳಿದ್ರೆ ಬ್ರಷ್ಷಲ್ಲಿ ಹೊಡೀತಿದ್ದೆ ನೀನು."

ಅವಳು ಹೊಡೆಯಲಿಲ್ಲ. ಕಣ್ಣು ತುಂಬಿ ಬಂತು, ಅದನ್ನು ತೋಳಿನಿಂದ ಒರಟಾಗಿ ಒರೆಸಿಕೊಂಡಳು. ಈ ಮನುಷ್ಯನ ಮೇಲೆ ತನಗಿದ್ದದ್ದು ಹಗೆಯಲ್ಲ, ಹಗೆಯ ಹೆಸರಿನಲ್ಲಿ ವಾರವಿಡೀ ಅವನನ್ನೇ ನೆನೆಯುತ್ತಿದ್ದೆ ಎಂದು ಅವಳಿಗೆ ಒಮ್ಮೆಗೇ ಹೊಳೆಯಿತು. ಹೊಳೆದ ಹೊತ್ತು ಮಾತ್ರ ಸರಿಯಾದದ್ದಲ್ಲ.

"ಪೆದ್ದ," ಎಂದಳು. "ನನ್ನ ಉಳ್ಸೋಕೆ ಹೋಗಿ ದಾರೀನ ಕೊಂದೆ."

"ಮೆರಿನ್, ಒಳಗೆ ಹೋಗ್ಬೇಡ. ಬೇರೆ ಏನಾದ್ರೂ..."

"ಬೇರೆ ಏನೂ ಇಲ್ಲ," ಎಂದು ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ನಲವತ್ತು ಜನ ಚಹಾ ಕುಡಿಯುತ್ತಿದ್ದರು. ಅವಳು ಕುರ್ಚಿಗಳ ನಡುವೆ ನಿಂತು, ಯಾರೂ ಕೇಳದಿದ್ದರೂ, ಎಲ್ಲ ಹೇಳಿದಳು. ಹಳೇ ಗುಂಡಿ, ಕೆಂಪು ಜಲ್ಲಿ, ಇಪ್ಪತ್ತೆರಡು ಬಕೆಟ್. ಟೋನ್ಚಿಯ ಚಕ್ರದ ಬಗ್ಗೆ ತಾನು ಬರೆದದ್ದು ಸುಳ್ಳು, ಅವನು ಈಗ ಹೇಳಿದ್ದೂ ಸುಳ್ಳು, ಮೂರು ವರ್ಷದಲ್ಲಿ ಒಂದು ದಿನವೂ ಅವನು ತೊಳೆಯದೆ ದಾಟಿಲ್ಲ, ತಾನೇ ಸಾಕ್ಷಿ ಎಂದಳು. ಚಕ್ರ ತೊಳೆಯುವ ಪದ್ಧತಿ ಸೋತಿಲ್ಲ, ಸೋತದ್ದು ನಾನು ಎಂದಳು.

ಆಗ ಭುಜ ತಟ್ಟಿದ್ದವರು ಈಗ ಕೇಕಿನ ತಟ್ಟೆ ನೋಡುತ್ತಿದ್ದರು. ಹಿಂದಿನ ಸಾಲಿನ ಒಬ್ಬ ಹೆಂಗಸು, ಮೆರಿನ್‌ನಿಂದ ಹತ್ತು ಸಲ ಬೂಟು ತಿಕ್ಕಿಸಿಕೊಂಡಿದ್ದವಳು, ನಾಚಿಕೆಯಾಗಬೇಕು ನಿನಗೆ ಎಂದು ಗಟ್ಟಿಯಾಗಿಯೇ ಹೇಳಿದಳು. ಆಗುತ್ತಿದೆ ಎಂದು ಮೆರಿನ್ ಉತ್ತರ ಕೊಟ್ಟಳು.

ಗ್ಲೆನಿಸ್ ಮಣ್ಣಿನ ಪರೀಕ್ಷೆ ಮಾಡಿಸಿದಳು. ರೋಗ ಹೊರಟದ್ದು ಕೆಂಪು ಜಲ್ಲಿಯಿಂದಲೇ ಎಂದು ಖಚಿತವಾಯಿತು. ತಿರುವಿಗೆ ಬೇಲಿ ಹಾಕಿ, ಮೇಲ್ಬದಿಯಿಂದ ಆರುನೂರು ಮೀಟರ್ ಹೊಸ ದಾರಿ ಕಡಿದರು. ಹತ್ತೊಂಬತ್ತು ಕಿಲೋಮೀಟರ್ ಸೈಕಲ್ಲುಗಳಿಗೆ ಉಳಿಯಿತು. ಮೆರಿನ್‌ಗೆ ಉಳಿಯಲಿಲ್ಲ, ಎರಡು ವರ್ಷ ಅವಳನ್ನು ದೂರವಿಟ್ಟರು. ಗೇಟಿನ ಕೀಲಿ, ಕಿತ್ತಳೆ ಬಣ್ಣದ ಸ್ವಯಂಸೇವಕಿಯ ಅಂಗಿ ಎರಡನ್ನೂ ಲಕೋಟೆಯಲ್ಲಿಟ್ಟು ಕೊಟ್ಟುಬಂದಳು.

* * *

ಅಕ್ಟೋಬರಿನಲ್ಲಿ, ಕಾಡು ಹೂಬಿಟ್ಟು, ಮ್ಯಾಗ್‌ಪೈ ಹಕ್ಕಿಗಳು ಗೂಡು ಕಾಯುತ್ತ ಸವಾರರ ಹೆಲ್ಮೆಟ್ಟಿಗೆ ಎರಗುವ ಕಾಲದಲ್ಲಿ, ಹೊಸ ದಾರಿ ತೆರೆಯಿತು. ಎರಡು ಶನಿವಾರ ಮೆರಿನ್ ಮನೆಯಲ್ಲೇ ಕೂತಳು. ಟೋನ್ಚಿ ಫೋನ್ ಮಾಡಿದರೆ ತೆಗೆಯಲಿಲ್ಲ. ಸತ್ತ ಗಿಡಗಳ ಮುಂದೆ ಸಂತೋಷಪಡುವ ಹಕ್ಕು ತನಗಿಲ್ಲ ಎನಿಸಿತ್ತು. ಮೂರನೇ ಶನಿವಾರ ತಡೆಯಲಾಗಲಿಲ್ಲ. ಮೂರು ದಿನಕ್ಕಾಗುವಷ್ಟು ಸಾಮಾನು ಚೀಲಗಳಲ್ಲಿ ಕಟ್ಟಿ, ಬರಿಯ ಸವಾರಳಾಗಿ ಹೊರಟಳು.

ಕಂಬದ ಬಳಿ ಕಿತ್ತಳೆ ಅಂಗಿ ತೊಟ್ಟವನೊಬ್ಬ ನಿಂತಿದ್ದ. ಅಂಗಿ ಅವನಿಗೆ ಬಿಗಿಯಾಗಿತ್ತು. ಎದೆಯ ಮೇಲೆ ಹೆಸರಿನ ಪಟ್ಟಿ ಕಿತ್ತ ಜಾಗದಲ್ಲಿ ಅವಳದೇ ಹೊಲಿಗೆಯ ಗುರುತು ಇನ್ನೂ ಇತ್ತು.

"ಯಾರೂ ಮುಂದೆ ಬರ್ಲಿಲ್ಲ," ಎಂದ ಟೋನ್ಚಿ. "ಯಾರಾದ್ರೂ ಕಾಯ್ಬೇಕಲ್ಲ, ನೀನು ವಾಪಸ್ ಬರೋವರ್ಗೂ."

"ಎರಡು ವರ್ಷ ನನ್ನನ್ನ ತಗೊಳಲ್ಲ ಅವರು."

"ಎರಡು ವರ್ಷ ಕಾಯ್ತೀನಿ. ಕಾಲೆತ್ತು."

"ಮನೇಲಿ ತೊಳ್ಕೊಂಡೇ ಬಂದೆ."

"ನಾನು ನೋಡ್ಲಿಲ್ಲ," ಎಂದು ಅವನು ಬ್ರಷ್ ಹಿಡಿದು ಅವಳ ಮುಂದೆ ಮಂಡಿಯೂರಿದ.

ಬೂಟಿನ ಅಡಿಯನ್ನು ಅವನು ನಿಧಾನವಾಗಿ, ಒಂದು ಗೀರನ್ನೂ ಬಿಡದೆ ತಿಕ್ಕಿದ. ಅವನ ಎಡಗಿವಿಯ ಹಿಂದೆ ಒಂದು ಚುಕ್ಕೆ ಕೆಸರಿತ್ತು. ಮೆರಿನ್ ಅದನ್ನು ನೋಡುತ್ತ, ಭಾನುವಾರಗಳಲ್ಲಿ ಹಸಿರು ಪುಸ್ತಕದಲ್ಲಿ ಮೊದಲು ಅವನ ಪುಟವನ್ನೇ ಓದುತ್ತಿದ್ದೆ, ಹೆಲ್ಮೆಟ್ ಕೂಡ ತೆಗೆಯದೆ, ಎಂದು ಹೇಳಿಬಿಟ್ಟಳು. ಅವನ ಕೈ ನಿಂತಿತು. ತಲೆಯೆತ್ತದೆ ಅವನು ಕೇಳಿದ, ಏಳನೇ ಕಿಲೋಮೀಟರಿನ ಬೇಲಿಯ ತನಕ ಜೊತೆಗೆ ಬರಲೇ, ಅಲ್ಲಿ ಒಬ್ಬಳೇ ನಿಲ್ಲಬೇಡ ಎಂದು. ಬಾ, ಆದರೆ ಅಲ್ಲಿ ಸಮಾಧಾನ ಮಾತ್ರ ಹೇಳಬೇಡ ಎಂದಳು. ಹೇಳುವುದಿಲ್ಲ ಎಂದ.

"ಇನ್ನೊಂದು ಕಾಲು."

ಒಂಟಿಕಾಲಲ್ಲಿ ನಿಲ್ಲಲು ಹಿಡಿದುಕೊಳ್ಳುವುದಕ್ಕೆ ಪಕ್ಕದಲ್ಲೇ ಕಂಬವಿತ್ತು. ಮೆರಿನ್ ಕಂಬವನ್ನು ಬಿಟ್ಟು ಅವನ ಭುಜ ಹಿಡಿದಳು. ಹೆಬ್ಬೆರಳಿನಿಂದ ಕಿವಿಯ ಹಿಂದಿನ ಕೆಸರನ್ನು ಒರೆಸಿ, ಜಗಳವಾಡದೆ, ಇನ್ನೊಂದು ಕಾಲೆತ್ತಿದಳು.